ಹೊಟ್ಟೆ ಇರುವ ಹಡಗು: ರಟ್ಟಿನಲ್ಲಿ ‘ಬುವೆ’ ಕಟ್ಟಿದ ನನ್ನ ಅನುಭವ

ಕಾಗದದ ಹಡಗು ಮಾಡುವವರು ಜಾಸ್ತಿ ಮಂದಿ ಕಿಟ್ ತರಿಸಿ ಶುರುಮಾಡುತ್ತಾರೆ. ಬಣ್ಣ, ಗೆರೆ, ನಂಬರು ಎಲ್ಲಾ ಅಚ್ಚಾಗಿ ಬಂದಿರುತ್ತದೆ. ಕತ್ತರಿಸಿ, ಮಡಚಿ, ಅಂಟಿಸಿದರೆ ಆಯಿತು. ನಾನೂ ಅಲ್ಲಿಂದಲೇ ಬಂದವನು. ಆದರೆ ಫ್ರಾನ್ಸಿನ ಹಳೆಯ ಯುದ್ಧನೌಕೆಗಳ ಫೋಟೊ ನೋಡಿದ ಮೇಲೆ ಕಿಟ್ ಸಪ್ಪೆ ಅನ್ನಿಸಿತು. ಅವುಗಳ ಆಕಾರವೇ ಬೇರೆ. ಮೂತಿ ಮುಂದಕ್ಕೆ ಚಾಚಿಕೊಂಡಿರುತ್ತದೆ, ಪಕ್ಕದ ಗೋಡೆ ಒಳಕ್ಕೆ ಬಾಗಿರುತ್ತದೆ, ಮೇಲೆ ದಪ್ಪ ದಪ್ಪ ಕಂಬ. ಆ ಸಾಲಿನಲ್ಲಿ ನಾನು ಆರಿಸಿಕೊಂಡದ್ದು ‘ಬುವೆ’.

1889ರಲ್ಲಿ ಬ್ರಿಟನ್ ದೊಡ್ಡ ನೌಕಾ ಯೋಜನೆ ಘೋಷಿಸಿತು. ಅದಕ್ಕೆ ಉತ್ತರವಾಗಿ ಫ್ರಾನ್ಸ್ 1890ರಲ್ಲಿ ತನ್ನದೊಂದು ಯೋಜನೆ ಹಾಕಿಕೊಂಡಿತು. ಅದರಲ್ಲಿ ಹುಟ್ಟಿದವು ಐದು ಹಡಗುಗಳು: ಶಾರ್ಲ್ ಮಾರ್ತೆಲ್, ಕಾರ್ನೋ, ಜೋರೆಗಿಬೆರಿ, ಮಸ್ಸೆನಾ, ಬುವೆ. ಬೇಕಾದದ್ದು ಇಷ್ಟು ಅಂತ ಹೇಳಿ, ಹೇಗೆ ಕಟ್ಟಬೇಕು ಅನ್ನುವುದನ್ನು ಬೇರೆ ಬೇರೆ ಎಂಜಿನಿಯರುಗಳಿಗೆ ಬಿಟ್ಟರು. ಹಾಗಾಗಿ ಐದೂ ಐದು ತರ. ಯುದ್ಧಕ್ಕೆ ಹೋಗುವ ಪಡೆಗೆ ಅದು ತಲೆನೋವು. ಮಾದರಿ ಮಾಡುವವನಿಗೆ ಹಬ್ಬ, ಅಲ್ವಾ? ಬುವೆಯ ನಕ್ಷೆ ಶಾರ್ಲ್ ಅರ್ನೆಸ್ಟ್ ಉಯಿನ್ ಅವರದು. ಲೋರಿಯಾಂ ಹಡಗುಕಟ್ಟೆಯಲ್ಲಿ 1893ರಲ್ಲಿ ಕೆಲಸ ಶುರುವಾಗಿ, 1896ರಲ್ಲಿ ನೀರಿಗಿಳಿದು, 1898ರಲ್ಲಿ ಸೇವೆಗೆ ಸೇರಿತು. ಐದರಲ್ಲಿ ಕಡೆಯದು, ನನ್ನ ಕಣ್ಣಿಗೆ ಐದರಲ್ಲಿ ಚೆಂದದ್ದೂ ಹೌದು.

ನಕ್ಷೆಗೆ ಪರದಾಡಬೇಕಿಲ್ಲ. ಪ್ಯಾರಿಸ್ ಪಕ್ಕದ ವೆನ್ಸೆನ್‌ನಲ್ಲಿ ಫ್ರೆಂಚ್ ರಕ್ಷಣಾ ಇಲಾಖೆಯ ಇತಿಹಾಸ ವಿಭಾಗವಿದೆ. ಹಳೆಯ ಹಡಗುಗಳ ಮೂಲ ನಕ್ಷೆಗಳನ್ನು ಅವರು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಫ್ರೆಂಚ್ ಬರದಿದ್ದರೂ ನಡೆಯುತ್ತದೆ. ‘ಕೂಪ್ಲ್’ ಅಂದರೆ ಅಡ್ಡ ಸೀಳು, ‘ಫ್ಲೊಟೇಸೋಂ’ ಅಂದರೆ ನೀರಿನ ಗೆರೆ, ‘ಪೋಂ’ ಅಂದರೆ ಡೆಕ್. ಇಷ್ಟು ಗೊತ್ತಿದ್ದರೆ ನಕ್ಷೆ ಓದಬಹುದು. ಆದರೆ ಸ್ಕ್ಯಾನನ್ನು ಹಾಗೇ ನಂಬಬೇಡಿ. ನೂರು ವರ್ಷ ದಾಟಿದ ಹಾಳೆ ಒಂದು ಕಡೆ ಹಿಗ್ಗಿರುತ್ತದೆ, ಇನ್ನೊಂದು ಕಡೆ ಕುಗ್ಗಿರುತ್ತದೆ. ಬುವೆಯ ಉದ್ದ ಸುಮಾರು 117.8 ಮೀಟರ್, ಅಗಲ 21.4 ಮೀಟರ್. ಉದ್ದ ಸರಿಯಾಗುವಂತೆ ಚಿತ್ರವನ್ನು ಹೊಂದಿಸಿಕೊಂಡು, ಆಮೇಲೆ ಅಗಲ ಅಳೆದು ನೋಡಬೇಕು. ಎರಡೂ ಕೂಡಿ ಬಂದರೆ ಮಾತ್ರ ಗೆರೆ ಎಳೆಯಬೇಕು. ಗೆರೆ ಎಳೆಯಲು ನಾನು ಬಳಸಿದ್ದು ಇಂಕ್‌ಸ್ಕೇಪ್. ದುಡ್ಡು ಕೊಡುವ ಸಾಫ್ಟ್‌ವೇರ್ ಇದಕ್ಕೆ ಬೇಕಾಗಿಲ್ಲ.

ಅಳತೆ 1:200 ಇಟ್ಟುಕೊಂಡೆ. ಆಗ ಹಡಗು 59 ಸೆಂಟಿಮೀಟರ್ ಉದ್ದ, 10.7 ಸೆಂಟಿಮೀಟರ್ ಅಗಲ ಬರುತ್ತದೆ. ಮೇಜಿನ ಮೇಲೆ ಕೂರುತ್ತದೆ, ಮನೆಯವರೂ ಬೈಯುವುದಿಲ್ಲ. ಇದಕ್ಕಿಂತ ಚಿಕ್ಕದಾದರೆ ಸಣ್ಣ ತೋಪುಗಳನ್ನು ಕಾಗದದಲ್ಲಿ ಸುರುಳಿ ಸುತ್ತಲು ಬೆರಳು ಬಗ್ಗುವುದಿಲ್ಲ.

ಈಗ ಒಡಲಿನ ವಿಚಾರ. ಬುವೆ ಕಟ್ಟುವುದು ಅಂದರೆ ಮುಕ್ಕಾಲು ಪಾಲು ಅದರ ಒಡಲು ಕಟ್ಟುವುದೇ. ಬಾಕಿ ಎಲ್ಲಾ ಅಲಂಕಾರ.

ಸಾಮಾನ್ಯ ಹಡಗಿನ ಪಕ್ಕ ನೆಟ್ಟಗೆ ಏರುತ್ತದೆ, ಇಲ್ಲವೇ ಮೇಲೆ ಹೋದಂತೆ ಸ್ವಲ್ಪ ಅಗಲವಾಗುತ್ತದೆ. ಬುವೆಯದು ಉಲ್ಟಾ. ನೀರಿನ ಗೆರೆಯ ಹತ್ತಿರ ಅಗಲ ಜಾಸ್ತಿ, ಮೇಲೆ ಹೋದಂತೆ ಒಳಕ್ಕೆ ಸರಿಯುತ್ತದೆ, ಬಿಂದಿಗೆಯ ಹೊಟ್ಟೆಯ ಹಾಗೆ. ಇದಕ್ಕೆ ಟಂಬಲ್‌ಹೋಮ್ ಅನ್ನುತ್ತಾರೆ. ಸುಮ್ನೆ ಶೋಕಿಗೆ ಮಾಡಿದ್ದಲ್ಲ ಅದು. ಮೇಲ್ಭಾಗ ಕಿರಿದಾದರೆ ಅಲ್ಲಿನ ತೂಕ ಉಳಿಯುತ್ತದೆ. ಇನ್ನೊಂದು ಕಾರಣ ತೋಪುಗಳದು. ಬುವೆಯ ದೊಡ್ಡ ತೋಪುಗಳು ನಾಲ್ಕು, ನಾಲ್ಕೂ ಒಂಟಿ ಗೋಪುರಗಳಲ್ಲಿ: 305 ಮಿಲಿಮೀಟರ್ ಬಾಯಿಯದು ಮುಂದೊಂದು ಹಿಂದೊಂದು, 274 ಮಿಲಿಮೀಟರಿನದು ಎಡಕ್ಕೊಂದು ಬಲಕ್ಕೊಂದು. ಪಕ್ಕದ ಆ ಎರಡು ಗೋಪುರಗಳು ಒಡಲಿನಿಂದ ಹೊರಕ್ಕೆ ಉಬ್ಬಿಕೊಂಡಿವೆ. ಗೋಡೆ ಒಳಕ್ಕೆ ಬಾಗಿರುವುದರಿಂದ ಅವು ನೇರ ಮುಂದಕ್ಕೂ ಗುರಿಯಿಡಬಹುದು, ನೇರ ಹಿಂದಕ್ಕೂ ಗುರಿಯಿಡಬಹುದು.

ಕಾಗದಕ್ಕೆ ಈ ಆಕಾರ ಆಗಿಬರುವುದಿಲ್ಲ. ಕಾಗದ ಒಂದು ದಿಕ್ಕಿಗೆ ಮಾತ್ರ ಬಾಗುತ್ತದೆ. ಎರಡು ದಿಕ್ಕಿಗೂ ಬಾಗಿಸಲು ಹೋದರೆ ನೆರಿಗೆ ಬೀಳುತ್ತದೆ. ಬಿಂದಿಗೆಗೆ ಕಾಗದ ಸುತ್ತಿ ನೋಡಿ, ಗೊತ್ತಾಗುತ್ತದೆ. ಬುವೆಯ ನಡುಭಾಗದಲ್ಲಿ ತೊಂದರೆ ಇಲ್ಲ. ಅಲ್ಲಿ ಬಾಗು ಕೆಳಗಿಂದ ಮೇಲಕ್ಕೆ ಮಾತ್ರ. ಮೂತಿಯ ಕಡೆಗೂ ಬಾಲದ ಕಡೆಗೂ ಹೋದಾಗ ಅದರ ಜೊತೆಗೆ ಉದ್ದಕ್ಕೂ ಕಿರಿದಾಗುತ್ತದೆ. ಕಷ್ಟ ಇರುವುದು ಅಲ್ಲಿ.

ಒಳಗಿನ ಅಸ್ಥಿಪಂಜರ ಮೊದಲು. ನೀರಿನ ಗೆರೆಯ ಮಟ್ಟದಲ್ಲಿ ಒಂದು ಚಪ್ಪಟೆ ತಟ್ಟೆ, ಉದ್ದಕ್ಕೆ ನಿಲ್ಲುವ ಒಂದು ಬೆನ್ನೆಲುಬು, ಅಡ್ಡಕ್ಕೆ ಪಕ್ಕೆಲುಬಿನಂಥ ಫ್ರೇಮುಗಳು. ಇವಕ್ಕೆ 2 ಮಿಲಿಮೀಟರ್ ದಪ್ಪದ ಬೂದು ರಟ್ಟು ಬೇಕು, ಪುಸ್ತಕ ಬೈಂಡ್ ಮಾಡುವವರು ಬಳಸುವಂಥದು. ನಕ್ಷೆಯಲ್ಲಿ ಪ್ರತಿ ಅಡ್ಡ ಸೀಳಿನ ಅರ್ಧ ಮಾತ್ರ ಇರುತ್ತದೆ. ಒಂದು ಪಕ್ಕ ಮುಂಭಾಗದ್ದು, ಇನ್ನೊಂದು ಪಕ್ಕ ಹಿಂಭಾಗದ್ದು. ಒಂದೊಂದನ್ನೂ ಕನ್ನಡಿಯ ಬಿಂಬದಂತೆ ತಿರುಗಿಸಿ ಪೂರ್ತಿ ಮಾಡಿಕೊಳ್ಳಬೇಕು. ಆಮೇಲೆ ಸುತ್ತಲೂ ಅರ್ಧ ಮಿಲಿಮೀಟರ್ ಒಳಕ್ಕೆ ಸರಿಸಿ ಗೆರೆ ಎಳೆಯಬೇಕು, ಮೇಲೆ ಬರುವ ಹೊದಿಕೆಗೂ ದಪ್ಪ ಇದೆಯಲ್ಲ. ಫ್ರೇಮುಗಳನ್ನು ಒಂದು ತುದಿಯಿಂದ ಸಾಲಾಗಿ ಅಂಟಿಸುತ್ತಾ ಹೋಗಬಾರದು. ನಡುವಿನಿಂದ ಶುರುಮಾಡಿ ಮುಂದೊಂದು ಹಿಂದೊಂದು ಹಾಕಿದರೆ ಬೆನ್ನೆಲುಬು ತಿರುಚುವುದಿಲ್ಲ. ಎಲ್ಲಾ ಒಣಗಿದ ಮೇಲೆ ಸ್ಯಾಂಡಿಂಗ್ ಸೀಲರ್ ಬಳಿದೆ. ಮರಗೆಲಸದವರು ಪಾಲಿಶ್‌ಗೆ ಮುಂಚೆ ಹಚ್ಚುತ್ತಾರಲ್ಲ, ಅದೇ. ಅದನ್ನು ಕುಡಿದ ರಟ್ಟು ಗಟ್ಟಿಯಾಗುತ್ತದೆ. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿದರೆ ನಾರು ಏಳುವುದಿಲ್ಲ.

ಹೊದಿಕೆಯನ್ನು ಎರಡು ಪದರವಾಗಿ ಹಾಕಿದೆ. ಮೊದಲ ಪದರ ಒಂದು ಫ್ರೇಮಿನಿಂದ ಪಕ್ಕದ ಫ್ರೇಮಿಗೆ ಕೂರುವ ತುಂಡುಗಳು. ಎರಡು ಫ್ರೇಮುಗಳ ನಡುವಿನ ಪ್ರತಿ ಅಂಕಣದ ಮೇಲೂ ಟ್ರೇಸಿಂಗ್ ಪೇಪರ್ ಇಟ್ಟು, ಅಂಚನ್ನು ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆದೆ. ಅದನ್ನು 160 ಜಿಎಸ್‌ಎಂ ಹಾಳೆಗೆ ಇಳಿಸಿ ಕತ್ತರಿಸಿದೆ. ಎಡಕ್ಕೆ ಕೂತ ತುಂಡು ಬಲಕ್ಕೂ ಕೂರಬೇಕು ಅನ್ನುವುದು ಲೆಕ್ಕ. ಕೈಯಲ್ಲಿ ಕತ್ತರಿಸಿದ ಫ್ರೇಮಿನಲ್ಲಿ ಅದು ಪೂರ್ತಿ ನಿಜವಾಗುವುದಿಲ್ಲ, ಎರಡೂ ಕಡೆ ಬೇರೆ ಬೇರೆ ಅಚ್ಚು ತೆಗೆಯುವುದೇ ವಾಸಿ. ಹಾಳೆಯ ನಾರಿನ ದಿಕ್ಕನ್ನೂ ನೋಡಿಕೊಳ್ಳಬೇಕು. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಗ್ಗಿಸಿ. ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಆ ಬಾಗು ಹಡಗಿನ ಕೆಳಗಿಂದ ಮೇಲಕ್ಕೆ ಬರುವಂತೆ ಇಡಬೇಕು.

ಎರಡನೆಯ ಪದರ ತೆಳು ಕಾಗದದ ಉದ್ದ ಪಟ್ಟಿಗಳು. ಮೂತಿಯ ಹತ್ತಿರ ಪಟ್ಟಿ ಸಣ್ಣದಾಗುತ್ತಾ ಹೋಗುತ್ತದೆ, ಕೆಲವನ್ನು ನಡುವೆಯೇ ಚೂಪಾಗಿ ಮುಗಿಸಬೇಕು. ಎಷ್ಟು ನಾಜೂಕಾಗಿ ಮಾಡಿದರೂ ಸೇರುವಲ್ಲಿ ಗೆರೆ ಕಾಣುತ್ತದೆ. ಅದನ್ನು ಮುಚ್ಚಲು ಒದ್ದಾಡುವ ಬದಲು, ನಿಜವಾದ ಹಡಗಿನಲ್ಲಿ ಎಲ್ಲಿ ಗೆರೆ ಇತ್ತೋ ಅಲ್ಲೇ ಬರುವಂತೆ ಮಾಡಿದೆ. ಬುವೆಯ ನೀರಿನ ಗೆರೆಯ ಸುತ್ತ ಉಕ್ಕಿನ ಕವಚದ ಪಟ್ಟಿ ಇತ್ತು, ದಪ್ಪ ಇದ್ದಲ್ಲಿ 400 ಮಿಲಿಮೀಟರ್. ಅದರ ಮೇಲಂಚು ಕೆಳಂಚುಗಳೇ ನನ್ನ ಪಟ್ಟಿಗಳ ಅಂಚು. ನೋಡಿದವರಿಗೆ ಅದು ಜೋಡಣೆ ಅನ್ನಿಸುವುದಿಲ್ಲ, ಕವಚ ಅನ್ನಿಸುತ್ತದೆ. ಪುಟ್ಟಿ ಮಾತ್ರ ಹಾಕಲಿಲ್ಲ. ಪುಟ್ಟಿ ಮೆತ್ತಿ ಉಜ್ಜಿದರೆ ಒಡಲು ನುಣ್ಣಗೆ ಬರುತ್ತದೆ, ಒಪ್ಪುತ್ತೇನೆ. ಆಮೇಲೆ ಅದನ್ನು ಕಾಗದದ ಹಡಗು ಅಂತ ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಅಂಟಿನ ಬಗ್ಗೆ ಒಂದು ಮಾತು. ಫೆವಿಕಾಲ್‌ನಲ್ಲಿ ನೀರಿದೆ, ತೆಳು ಹಾಳೆಗೆ ಹಚ್ಚಿದರೆ ಅಲೆ ಏಳುತ್ತದೆ. ಹಾಳೆಗೆ ಹಚ್ಚದೆ ಫ್ರೇಮಿನ ಅಂಚಿಗೆ ಹಚ್ಚಿ, ಅದೂ ಬೆರಳಲ್ಲಿ ಸವರಿ ತೆಳುವಾಗಿ. ಎರಡನೆಯ ಪದರಕ್ಕೆ ಫೆವಿಬಾಂಡ್ ತರಹದ ರಬ್ಬರ್ ಅಂಟು ಒಳ್ಳೆಯದು. ವಾಸನೆ ತಲೆಗೇರುತ್ತದೆ, ಕಿಟಕಿ ತೆಗೆದಿರಿ. ನಾನಿರುವುದು ಮಂಗಳೂರಿನಲ್ಲಿ. ಇಲ್ಲಿ ಜೂನ್ ಬಂತೆಂದರೆ ಹಾಳೆ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಆ ಮೆತ್ತಗಿನ ಹಾಳೆಯನ್ನು ಬಿಗಿಯಾಗಿ ಅಂಟಿಸಿದರೆ, ಡಿಸೆಂಬರಿನಲ್ಲಿ ಒಣಗಿ ಎಳೆದುಕೊಂಡು ಒಳಗಿನ ಪಕ್ಕೆಲುಬೆಲ್ಲ ಹೊರಗೆ ಕಾಣಿಸುತ್ತದೆ. ಅದಕ್ಕೇ ಒಡಲಿನ ಕೆಲಸ ಬೇಸಿಗೆಗೆ, ಮಳೆಗಾಲ ಸಣ್ಣಪುಟ್ಟ ಸಾಮಾನಿಗೆ.

ಸಣ್ಣಪುಟ್ಟದ್ದರಲ್ಲಿ ತೋಪಿನ ನಳಿಗೆಯೇ ಮುಖ್ಯ. 305 ಮಿಲಿಮೀಟರ್ ಬಾಯಿ ನಮ್ಮ ಅಳತೆಯಲ್ಲಿ ಒಂದೂವರೆ ಮಿಲಿಮೀಟರ್. ಅದೇ ದಪ್ಪದ ದಬ್ಬಣ ಹುಡುಕಿಕೊಳ್ಳಿ. ಸಾಮಾನ್ಯ ಪ್ರಿಂಟರ್ ಹಾಳೆಯಲ್ಲಿ ಒಂದು ಪಟ್ಟಿ ಕತ್ತರಿಸಬೇಕು. ಒಂದು ಅಂಚು ನೆಟ್ಟಗೆ, ಎದುರಿನ ಅಂಚು ಓರೆ. ಓರೆ ಇದ್ದರೆ ನಳಿಗೆ ಬುಡದಲ್ಲಿ ದಪ್ಪ, ಬಾಯಲ್ಲಿ ಸಪೂರ ಬರುತ್ತದೆ. ನೆಟ್ಟಗಿನ ಅಂಚಿಗೆ ಒಂಚೂರು ನೀರು ಸವರಿ, ದಬ್ಬಣದ ಮೇಲಿಟ್ಟು, ಅಂಗೈಯಲ್ಲಿ ಹೊಸೆಯಬೇಕು. ಮೊದಲ ಸುತ್ತು ಬಿಗಿಯಾಗಿ ಕೂತರೆ ಮುಂದಿನದೆಲ್ಲ ತಾನೇ ಬರುತ್ತದೆ. ಅದಕ್ಕೆ ಅಂಟು ಬೇಡ, ಹಚ್ಚಿದರೆ ದಬ್ಬಣವೇ ಒಳಗೆ ಕಚ್ಚಿಕೊಳ್ಳುತ್ತದೆ. ಎರಡನೆಯ ಸುತ್ತಿನಿಂದ ಅಂಟು, ಕೊನೆಯ ಓರೆ ಅಂಚಿಗೆ ಇನ್ನೊಂದಿಷ್ಟು. ಒಣಗುವ ಮುಂಚೆ ದಬ್ಬಣವನ್ನು ತಿರುಗಿಸುತ್ತಾ ಹೊರಗೆಳೆಯಬೇಕು. ಬಾಯಿಯ ಬಿಳಿ ಅಂಚಿಗೆ ಬಣ್ಣ ಮುಟ್ಟಿಸುವುದನ್ನು ಮರೆಯಬೇಡಿ. ಕಾಗದದ ಮಾದರಿಯಲ್ಲಿ ಬಿಳಿ ಅಂಚು ಒಂದೇ ಒಂದು ಉಳಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ದೊಡ್ಡ ಗೋಪುರಗಳ ಜೊತೆಗೆ 138.6 ಮಿಲಿಮೀಟರಿನ ಎಂಟು ತೋಪುಗಳಿಗೆ ಎಂಟು ಚಿಕ್ಕ ಗೋಪುರ. ರಟ್ಟಿನ ಬಿಲ್ಲೆ ಒಂದರ ಮೇಲೊಂದು ಅಂಟಿಸಿ ಉಜ್ಜಿದರೆ ಆಯಿತು. ಬೇಸರದ ಕೆಲಸ, ಕ್ರಿಕೆಟ್ ನೋಡುತ್ತಾ ಮಾಡಬಹುದು. ಎರಡು ದಪ್ಪ ಕಂಬಗಳಿಗೆ ಒಳಗೆ ಊದುಬತ್ತಿಯ ಕಡ್ಡಿ, ಹೊರಗೆ ಕಾಗದದ ಕೊಳವೆ. ಅವುಗಳ ಮೇಲಿನ ದುಂಡು ಅಟ್ಟಗಳಲ್ಲಿ ಸಣ್ಣ ತೋಪುಗಳಿರುತ್ತಿದ್ದವು. ಹತ್ತಿರ ಬರುವ ಟಾರ್ಪಿಡೊ ದೋಣಿಗಳ ಮೇಲೆ ಎತ್ತರದಿಂದ ಗುಂಡು ಹಾರಿಸಲಿಕ್ಕೆ. ಡೆಕ್ಕಿನ ಹಲಗೆಗೆ ಗಟ್ಟಿ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೆಳು ಚಹಾ ಡಿಕಾಕ್ಷನ್ ಬಳಿದೆ. ಡೆಕ್ಕಿಗೆ ಹಾಕಿದ್ದು ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ತಂದ ಮದುವೆ ಕಾರ್ಡಿನ ಹಾಳೆ. ಕೆನೆ ಬಣ್ಣದಲ್ಲಿ ಅಲ್ಲಿ ಎಷ್ಟು ಬಗೆ ಅಂತೀರಿ.

ಬಣ್ಣಕ್ಕೆ ಬಂದಾಗ ಸ್ವಲ್ಪ ಯೋಚಿಸಬೇಕಾಯಿತು. ಹೊಸದರಲ್ಲಿ ಈ ಹಡಗುಗಳ ಒಡಲು ಕಪ್ಪು, ಮೇಲಿನ ಕಟ್ಟಡ ಮಾಸಲು ಕ್ಯಾನ್ವಾಸಿನ ಬಣ್ಣ. ಆಮೇಲೆ ಬೂದು ಬಂತು. ಫೋಟೊದಲ್ಲಿ ಕಪ್ಪು ಭರ್ಜರಿ. ಆದರೆ ಮಾದರಿಯಲ್ಲಿ ಕಪ್ಪು ಬಣ್ಣ ಹೊಟ್ಟೆಯ ಬಾಗನ್ನು ನುಂಗಿಬಿಡುತ್ತದೆ. ಅಷ್ಟು ಕಷ್ಟಪಟ್ಟು ಬಾಗಿಸಿದ್ದು ಯಾರಿಗೂ ಕಾಣದಿದ್ದರೆ ಏನು ಬಂತು? ಬೂದಿನಲ್ಲಿ ನೆರಳು ಬೆಳಕು ಚೆನ್ನಾಗಿ ಆಡುತ್ತದೆ. ಹಾಗಾಗಿ ನನ್ನ ಬುವೆ 1915ರ ಬುವೆ.

1915 ಅಂದ ಮೇಲೆ ಮಾರ್ಚ್ 18ನ್ನು ಬಿಡುವ ಹಾಗಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್, ಫ್ರೆಂಚ್ ಹಡಗುಗಳು ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯ ಕೋಟೆಗಳ ಮೇಲೆ ದಾಳಿಗಿಳಿದ ದಿನ ಅದು. ಕೋಟೆಗಳ ಜೊತೆ ಗುಂಡಿನ ಕಾಳಗ ಮುಗಿಸಿ ಬುವೆ ಹಿಂದಕ್ಕೆ ತಿರುಗಿತ್ತು. ಎರೆನ್‌ಕೊಯ್ ಕೊಲ್ಲಿಯಲ್ಲಿ ಕೆಲವು ದಿನ ಮುಂಚೆ ರಾತ್ರಿ ಹೊತ್ತು ‘ನುಸ್ರೆತ್’ ಎಂಬ ತುರ್ಕಿ ಹಡಗು 26 ಮೈನುಗಳನ್ನು, ಅಂದರೆ ಹಡಗು ತಗುಲಿದರೆ ಸಿಡಿಯುವ ನೀರಿನ ಸಿಡಿಗುಂಡುಗಳನ್ನು, ಇಳಿಸಿ ಹೋಗಿತ್ತು. ಅವುಗಳಲ್ಲಿ ಒಂದು ಬುವೆಗೆ ತಗುಲಿತು. ಸುಮಾರು ಎರಡು ನಿಮಿಷದಲ್ಲಿ ಹಡಗು ಮಗುಚಿ ಮುಳುಗಿತು. 600ಕ್ಕೂ ಹೆಚ್ಚು ಜನ ಸತ್ತರು. ಅದೇ ದಿನ ಬ್ರಿಟನ್ನಿನ ಇರ್ರೆಸಿಸ್ಟಿಬಲ್, ಓಷನ್ ಕೂಡ ಮೈನಿಗೆ ಬಲಿಯಾದವು. ಆದರೆ ಅವು ಮುಳುಗಲು ಹೊತ್ತು ಹಿಡಿಯಿತು, ಹೆಚ್ಚಿನವರು ಪಾರಾದರು.

ಅಷ್ಟು ಬೇಗ ಯಾಕೆ ಮಗುಚಿತು ಅನ್ನುವುದರ ಒಂದು ಭಾಗ ನನ್ನ ಮೇಜಿನ ಮೇಲೇ ಇತ್ತು. ನಡುವಿನ ಒಂದು ಹೆಚ್ಚುವರಿ ಫ್ರೇಮ್ ತೆಗೆದುಕೊಂಡು, ನೀರಿನ ಗೆರೆಯ ಜಾಗದಲ್ಲಿ ಸ್ಕೇಲ್ ಹಿಡಿದು, ಫ್ರೇಮನ್ನು ಪಕ್ಕಕ್ಕೆ ವಾಲಿಸಿ ನೋಡಿದೆ. ನೆಟ್ಟಗಿನ ಗೋಡೆಯ ಹಡಗು ವಾಲಿದಾಗ ನೀರನ್ನು ಮುಟ್ಟುವ ಅಗಲ ಹೆಚ್ಚುತ್ತದೆ, ಆ ಅಗಲವೇ ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ. ಬುವೆಯ ಫ್ರೇಮಿನಲ್ಲಿ ವಾಲಿದ ಪಕ್ಕ ಒಳಕ್ಕೆ ಜಾರಿಬಿಡುತ್ತದೆ, ಆನಿಕೊಳ್ಳಲು ಅಲ್ಲಿ ಒಡಲೇ ಇಲ್ಲ. ಒಳಗೆ ನೀರು ನುಗ್ಗಿದ ವೇಗವೂ ಸೇರಿತೆನ್ನಿ. ನೂರು ಪುಟ ಓದಿ ಅರ್ಥವಾಗದ್ದು ಒಂದು ರಟ್ಟಿನ ತುಂಡಿನಲ್ಲಿ ಅರ್ಥವಾಯಿತು. ಆ ತುಂಡನ್ನು ಎಸೆದಿಲ್ಲ. ಹಡಗು ನೋಡಲು ಬಂದವರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ.

ಹಗ್ಗ, ಕಟಕಟೆ ಎಲ್ಲಾ ಟೈಲರ್ ದಾರ. ಜೇನುಮೇಣ ಸವರಿ ಎಳೆದರೆ ನಾರು ಕೂರುತ್ತದೆ. ಮೇಲೆ ಮ್ಯಾಟ್ ವಾರ್ನಿಷ್ ತೆಳುವಾಗಿ ಸ್ಪ್ರೇ. ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ. ಕರಾವಳಿಯಲ್ಲಿ ಇರುವವರು ಇದನ್ನು ತಪ್ಪಿಸಬೇಡಿ.

ಹೊಸದಾಗಿ ನಕ್ಷೆಯಿಂದ ಕಟ್ಟಲು ಇಳಿಯುವವರು ಬುವೆಯಿಂದ ಶುರುಮಾಡಬೇಡಿ ಅಂತಲೇ ಹೇಳುತ್ತೇನೆ. ಫ್ರೆಂಚ್ ಹಡಗೇ ಬೇಕೆಂದರೆ ‘ಓಶ್’ ನೋಡಿ. 1886ರಲ್ಲಿ ನೀರಿಗಿಳಿದದ್ದು. ಡೆಕ್ಕಿನ ಮೇಲೆ ಕಟ್ಟಡ ಎಷ್ಟು ಏರಿತ್ತೆಂದರೆ ಅದನ್ನು ‘ಗ್ರ್ಯಾಂಡ್ ಹೋಟೆಲ್’ ಅಂತ ಗೇಲಿ ಮಾಡುತ್ತಿದ್ದರು. ಬುವೆಯ ಹಾಗೇ ಸುತ್ತ ನಾಲ್ಕು ದೊಡ್ಡ ತೋಪು ಅದಕ್ಕೂ ಇದೆ. ಆದರೆ ನೋಡುವವರ ಕಣ್ಣು ಹೋಗುವುದು ಮೇಲಿನ ಆ ಮಹಡಿಗಳಿಗೆ, ಮಹಡಿ ಕಟ್ಟುವುದು ಕಾಗದಕ್ಕೆ ಸಲೀಸು. ನಾನೂ ಈಗ ಅದರ ನಕ್ಷೆಗೆ ಗೆರೆ ಎಳೆಯುತ್ತಿದ್ದೇನೆ, ಇನ್ನೂ ಕೆಳಗಿನ ಡೆಕ್ಕಿನಲ್ಲೇ ಇದ್ದೇನೆ.