ಕೆಮಿಸ್ಟ್ರಿ ತಲೆಗೆ ಹತ್ತಬೇಕಾದರೆ ವೇಲೆನ್ಸಿಯಿಂದ ಶುರು ಮಾಡಿ

ಚಿಕ್ಕಬಳ್ಳಾಪುರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಹತ್ತನೇ ತರಗತಿಗೆ ಬಂದ ಮಕ್ಕಳು ಪ್ರತಿ ವರ್ಷ ಒಂದೇ ಮಾತು ಹೇಳುತ್ತಾರೆ: "ಮಿಸ್, ಬಯಾಲಜಿ ಓದ್ಕೋತೀವಿ, ಫಿಸಿಕ್ಸ್ ಹೇಗೋ ಆಗುತ್ತೆ, ಕೆಮಿಸ್ಟ್ರಿ ಮಾತ್ರ ಬೇಡ." ಅವರ ನೋಟ್‌ಬುಕ್ ತೆಗೆದು ನೋಡಿದರೆ ತೊಂದರೆ ಹತ್ತನೇ ತರಗತಿಯ ಪಾಠದ್ದಲ್ಲ. ಒಂಬತ್ತರಲ್ಲೇ ವೇಲೆನ್ಸಿ, ಅಂದರೆ ಒಂದು ಪರಮಾಣು ಇನ್ನೊಂದರ ಜೊತೆ ಸೇರುವಾಗ ಎಷ್ಟು ಎಲೆಕ್ಟ್ರಾನ್ ಕೊಡುತ್ತದೆ ಅಥವಾ ತೆಗೆದುಕೊಳ್ಳುತ್ತದೆ ಅನ್ನುವ ಲೆಕ್ಕ, ಕೈತಪ್ಪಿರುತ್ತದೆ. ಅಲ್ಲಿಂದಾಚೆ ಅಣುಸೂತ್ರವೂ ಬಾಯಿಪಾಠ, ಸಮೀಕರಣವೂ ಬಾಯಿಪಾಠ. ಪರೀಕ್ಷೆಯಲ್ಲಿ ಒಂದು ಅಂಕಿ ಮರೆತರೆ ಇಡೀ ಉತ್ತರ ಹೋಯಿತು.

ಹಾಗಾಗಿ ಹತ್ತನೇ ತರಗತಿಯಲ್ಲಿದ್ದರೂ ನಾಚಿಕೆ ಬೇಡ, ಹಿಂದಕ್ಕೆ ಹೋಗಿ.

ಮೊದಲ 20 ಧಾತುಗಳ ಹೆಸರು, ಸಂಕೇತ, ಪರಮಾಣು ಸಂಖ್ಯೆ ಬಾಯಿಗೆ ಬರಲಿ. ಇದೊಂದನ್ನು ಮಾತ್ರ ಉರು ಹೊಡೆಯಲೇಬೇಕು, ಬೇರೆ ದಾರಿ ಇಲ್ಲ. ಜೊತೆಗೆ ಕಬ್ಬಿಣ, ತಾಮ್ರ, ಸತು, ಬೆಳ್ಳಿ, ಸೀಸ ಸೇರಿಸಿಕೊಳ್ಳಿ. ಮುಂದಿನದ್ದೆಲ್ಲ ಲೆಕ್ಕ.

ಸೋಡಿಯಂಗೆ 11 ಎಲೆಕ್ಟ್ರಾನ್. ಒಳಗಿನ ಕವಚದಲ್ಲಿ 2, ಆಮೇಲೆ 8, ಕೊನೆಯದರಲ್ಲಿ 1. ಆ ಒಂದನ್ನು ಬಿಟ್ಟುಕೊಟ್ಟರೆ ಹೊರಗೆ 8 ಉಳಿದು ಸ್ಥಿರವಾಗುತ್ತದೆ, ಅದಕ್ಕೇ ವೇಲೆನ್ಸಿ 1. ಕ್ಲೋರಿನ್ 2, 8, 7. ಅದಕ್ಕೆ ಒಂದು ಬೇಕು, ವೇಲೆನ್ಸಿ 1. ಆಕ್ಸಿಜನ್ 2, 6. ಎರಡು ಬೇಕು. ಅಲ್ಯೂಮಿನಿಯಂ 2, 8, 3. ಮೂರು ಕೊಡುತ್ತದೆ. ಹೀಗೆ ಇಪ್ಪತ್ತಕ್ಕೂ ನೀವೇ ಬರೆದು ನೋಡಿ, ಪುಸ್ತಕ ಮುಚ್ಚಿಟ್ಟು.

ಮನೆಯಲ್ಲಿ ಹಳೇ ಲಗ್ನಪತ್ರಿಕೆ ಇದ್ದೇ ಇರುತ್ತವೆ ಅಲ್ವಾ? ಅವನ್ನು ಕತ್ತರಿಸಿ ಚೀಟಿ ಮಾಡಿಕೊಳ್ಳಿ. ಕೊಡುವ ಧಾತು ಕೆಂಪು ಪೆನ್ನಿನಲ್ಲಿ, ತೆಗೆದುಕೊಳ್ಳುವುದು ನೀಲಿಯಲ್ಲಿ. ಮೂಲೆಯಲ್ಲಿ ವೇಲೆನ್ಸಿ. ಸಲ್ಫೇಟ್ 2, ಕಾರ್ಬನೇಟ್ 2, ನೈಟ್ರೇಟ್ 1, ಹೈಡ್ರಾಕ್ಸೈಡ್ 1, ಫಾಸ್ಫೇಟ್ 3, ಈ ಪರಮಾಣು ಗುಂಪುಗಳೂ ನೀಲಿಯಲ್ಲಿ ಇರಲಿ. ಒಂದು ಕೆಂಪು, ಒಂದು ನೀಲಿ ಎತ್ತಿ. ಅಲ್ಯೂಮಿನಿಯಂ 3, ಆಕ್ಸಿಜನ್ 2 ಬಂತು ಅನ್ನಿ. ಎರಡಕ್ಕೂ ಹೊಂದುವ ಸಂಖ್ಯೆ 6. ಅಂದರೆ ಎರಡು ಅಲ್ಯೂಮಿನಿಯಂ, ಮೂರು ಆಕ್ಸಿಜನ್. ಅಲ್ಯೂಮಿನಿಯಂ ಆಕ್ಸೈಡಿನ ಸೂತ್ರ ಸಿಕ್ಕಿತು, ಯಾರೂ ಹೇಳಿಕೊಡದೆ. ಕಬ್ಬಿಣಕ್ಕೆ 2 ಮತ್ತು 3, ತಾಮ್ರಕ್ಕೆ 1 ಮತ್ತು 2, ಹೀಗೆ ಎರಡೆರಡು ವೇಲೆನ್ಸಿ ಉಂಟು. ಅವಕ್ಕೆ ಎರಡೆರಡು ಚೀಟಿ ಮಾಡಿ.

ಸಮೀಕರಣ ಸರಿದೂಗಿಸುವಾಗ ಒಂದೇ ನಿಯಮ: ಸೂತ್ರದ ಕೆಳಗಿನ ಚಿಕ್ಕ ಅಂಕಿ ಮುಟ್ಟಬೇಡಿ, ಮುಂದಿನ ದೊಡ್ಡ ಅಂಕಿ ಮಾತ್ರ ಬದಲಿಸಿ. ಚಿಕ್ಕ ಅಂಕಿ ಬದಲಿಸಿದರೆ ಪದಾರ್ಥವೇ ಬದಲಾಗುತ್ತದೆ. ನೀರಿಗೆ ಇನ್ನೊಂದು ಆಕ್ಸಿಜನ್ ಅಂಟಿಸಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್, ಕುಡಿಯುವ ನೀರಲ್ಲ. ಅಲ್ಯೂಮಿನಿಯಂ ಗಾಳಿಯ ಆಕ್ಸಿಜನ್ ಜೊತೆ ಸೇರುವುದನ್ನೇ ನೋಡಿ. ಆಕ್ಸಿಜನ್ ಎರಡೆರಡು ಪರಮಾಣುವಾಗಿ ಬರುತ್ತದೆ, ಆಕ್ಸೈಡಿಗೆ ಮೂರು ಮೂರು ಬೇಕು. ಆಕ್ಸಿಜನ್ ಅಣು 3, ಆಕ್ಸೈಡ್ 2 ಅಂತ ಹಾಕಿದರೆ ಎರಡೂ ಕಡೆ 6. ಹಾಗಾದರೆ ಅಲ್ಯೂಮಿನಿಯಂ 4 ಬೇಕು. ಮುಗಿಯಿತು.

ಇಷ್ಟಾದ ಮೇಲೆ ತೋಟಕ್ಕೆ ಬನ್ನಿ. ನಮ್ಮ ಕಡೆ ದ್ರಾಕ್ಷಿ ಬೆಳೆಯುವವರು ಜಾಸ್ತಿ. ಬೂಜು ತುಪ್ಪಟ ರೋಗ ಬರದಿರಲಿ ಅಂತ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 1885ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಇದನ್ನು ಪ್ರಕಟಿಸಿದ್ದೂ ದ್ರಾಕ್ಷಿಗೋಸ್ಕರವೇ. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಹತ್ತನೇ ತರಗತಿಯ ಮೊದಲ ಪಾಠದ ಅರ್ಧ ಆ ಡ್ರಮ್ಮಿನಲ್ಲೇ ಇದೆ. ಮುಂದಿನ ಸಲ ಮಾಡುವಾಗ ಅಪ್ಪನ ಜೊತೆ ನಿಂತು ನೋಡಿ. ಮೈಲುತುತ್ತ ವಿಷ, ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ. ನೀವು ಮುಟ್ಟುವುದು ಬೇಡ, ನೋಡಿದರೆ ಸಾಕು.

ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಬುಸುಗುಟ್ಟಿ ಹಬೆ ಏಳುತ್ತದೆ. ಕ್ಯಾಲ್ಸಿಯಂ ಆಕ್ಸೈಡ್ ನೀರಿನೊಂದಿಗೆ ಸೇರಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಯಿತು. ಎರಡು ಸೇರಿ ಒಂದಾದದ್ದು ಸಂಯೋಗ ಕ್ರಿಯೆ, ಬಿಸಿ ಹೊರಬಂದದ್ದರಿಂದ ಬಹಿರುಷ್ಣಕ ಕ್ರಿಯೆ. ಇನ್ನೊಂದು ಕಡೆ ಮೈಲುತುತ್ತ ಕರಗಿಸಿದ ನೀರು, ಗಾಢ ನೀಲಿ. ಎರಡನ್ನೂ ಬೆರೆಸಿದರೆ ಬಣ್ಣ ತಿಳಿ ನೀಲಿಗೆ ತಿರುಗುತ್ತದೆ, ನೀರು ಗಸಿಯಾಗುತ್ತದೆ.

ಅಲ್ಲಿ ಆದದ್ದೇನು? ಚೀಟಿ ತೆಗೆಯಿರಿ. ತಾಮ್ರ 2, ಸಲ್ಫೇಟ್ 2. ಕ್ಯಾಲ್ಸಿಯಂ 2, ಹೈಡ್ರಾಕ್ಸೈಡ್ 1, ಆದ್ದರಿಂದ ಎರಡು ಹೈಡ್ರಾಕ್ಸೈಡ್. ಸರಳವಾಗಿ ಹೇಳುವುದಾದರೆ ಜೋಡಿ ಅದಲುಬದಲಾಯಿತು. ತಾಮ್ರದ ಜೊತೆ ಹೈಡ್ರಾಕ್ಸೈಡ್, ಕ್ಯಾಲ್ಸಿಯಂ ಜೊತೆ ಸಲ್ಫೇಟ್. ಇದೇ ದ್ವಿಸ್ಥಾನಪಲ್ಲಟ. ಈಗ ಎಣಿಸಿ: ತಾಮ್ರ 1, ಗಂಧಕ 1, ಕ್ಯಾಲ್ಸಿಯಂ 1, ಹೈಡ್ರೋಜನ್ 2, ಆಕ್ಸಿಜನ್ 6. ಬಾಣದ ಎರಡೂ ಕಡೆ ಅಷ್ಟೇ ಇದೆ.

ನನಗೆ ತುಂಬಾ ಇಷ್ಟವಾದದ್ದು ಇದರ ಮುಂದಿನ ಹೆಜ್ಜೆ. ರೈತರು ತೊಳೆದ ಕುಡುಗೋಲನ್ನೋ ಚಾಕುವನ್ನೋ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಹಾಕುತ್ತಾರೆ. ಆ ಕೆಂಪು ತುಕ್ಕಲ್ಲ, ತಾಮ್ರ. ಕ್ರಿಯೆಗೆ ಸಿಗದೆ ಉಳಿದ ತಾಮ್ರದ ಸಲ್ಫೇಟಿನಿಂದ ಕಬ್ಬಿಣವು ತಾಮ್ರವನ್ನು ಹೊರಗೆ ತಳ್ಳಿ ಆ ಜಾಗಕ್ಕೆ ತಾನು ಸೇರಿತು. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಅದಕ್ಕೇ. ಕಬ್ಬಿಣದ ಡ್ರಮ್ ಬೇಡ, ಪ್ಲಾಸ್ಟಿಕ್ಕಿನದ್ದೇ ಬೇಕು ಅನ್ನುವುದೂ ಇದೇ ಕಾರಣಕ್ಕೆ. ಶಾಲೆಯಲ್ಲಿ ಮೊಳೆ ಅದ್ದಿ ತೋರಿಸುವ ಪ್ರಯೋಗ ಇದೇ. ತೋರಿಸಿಲ್ಲದಿದ್ದರೆ ನಿಮ್ಮ ಮೇಷ್ಟ್ರನ್ನು ಕೇಳಿ ಮಾಡಿಸಿಕೊಳ್ಳಿ, ಖಂಡಿತ ಕೇಳಿ. ಸೈನೈಡ್ ದ್ರಾವಣದಲ್ಲಿ ಕರಗಿದ ಚಿನ್ನವನ್ನು ಸತುವಿನಿಂದ ಹೊರತೆಗೆಯುವ ವಿಧಾನದಲ್ಲೂ ನಡೆಯುವುದು ಇದೇ ಸ್ಥಾನಪಲ್ಲಟ. ಪಕ್ಕದ ಕೆಜಿಎಫ್‌ನಲ್ಲಿ ಗಣಿ 2001ರಲ್ಲಿ ಮುಚ್ಚಿದರೂ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಇವತ್ತಿಗೂ ನಿಂತಿವೆ.

ತೋಟ ಇಲ್ಲದ ಮಕ್ಕಳು ಅಡುಗೆಮನೆಯಲ್ಲೇ ಆಮ್ಲ, ಪ್ರತ್ಯಾಮ್ಲ ಶುರು ಮಾಡಬಹುದು. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದಲ್ಲ, ಆ ನೀರಿಗೆ ನಿಂಬೆಹಣ್ಣು ಹಿಂಡಿ. ಮತ್ತೆ ಹಳದಿ. ಸುಣ್ಣ ಪ್ರತ್ಯಾಮ್ಲ, ನಿಂಬೆ ಆಮ್ಲ, ಅರಿಶಿನ ಸೂಚಕ. ಸೋಪಿನ ನೀರು, ಮಜ್ಜಿಗೆ, ಅಡುಗೆ ಸೋಡಾ, ಹುಣಸೆ ರಸ, ಒಂದೊಂದನ್ನೂ ಬೇರೆ ಬೇರೆ ಲೋಟದಲ್ಲಿ ಪರೀಕ್ಷಿಸಿ ಪಟ್ಟಿ ಮಾಡಿ. ಅರಿಶಿನ ಹಳದಿಯಾಗಿಯೇ ಉಳಿದರೆ ಅದು ಆಮ್ಲ ಅಂತ ತಕ್ಷಣ ಬರೆಯಬೇಡಿ. ಸಾದಾ ನೀರಿನಲ್ಲೂ ಅರಿಶಿನ ಹಳದಿಯೇ. ಅದನ್ನು ತಿಳಿಯಲು ನೀಲಿ ಲಿಟ್ಮಸ್ ಬೇಕು.

ಮೋಲ್ (ಪದಾರ್ಥದ ಪ್ರಮಾಣ ಅಳೆಯುವ ಮಾನ) ಲೆಕ್ಕಕ್ಕೆ ಆತುರ ಬೇಡ. ಪಿಯುಸಿಯಲ್ಲಿ ಅದು ಹೇಗೂ ವಿವರವಾಗಿ ಬರುತ್ತದೆ. ಈಗ ಇಷ್ಟು ಸಾಕು: ಪರಮಾಣು ರಾಶಿ ಅಲ್ಯೂಮಿನಿಯಂಗೆ 27, ಆಕ್ಸಿಜನ್‌ಗೆ 16. ನೀವೇ ಕಂಡುಹಿಡಿದ ಸೂತ್ರದಲ್ಲಿ ಎರಡು ಅಲ್ಯೂಮಿನಿಯಂ 54, ಮೂರು ಆಕ್ಸಿಜನ್ 48, ಒಟ್ಟು 102. ಅಲ್ಯೂಮಿನಿಯಂ ಆಕ್ಸೈಡನ್ನು 102 ಗ್ರಾಂ ತೂಗಿದರೆ ಅದೇ ಒಂದು ಮೋಲ್.