ರೋಹು ಮೀನಿಗೆ ಮೇವಿನಲ್ಲೇ ಡಿಎನ್‌ಎ ಲಸಿಕೆ: ನನ್ನ ಅನುಭವ

ಡಿಎನ್‌ಎ ಲಸಿಕೆ ಎಂದರೆ ರೋಗಾಣುವಿನ ಒಂದು ಜೀನನ್ನು ದೇಹಕ್ಕೆ ಕೊಟ್ಟು, ಅದರ ಪ್ರೋಟೀನನ್ನು ದೇಹವೇ ತಯಾರಿಸಿ ರೋಗನಿರೋಧಕತೆ ಬೆಳೆಸಿಕೊಳ್ಳುವಂತೆ ಮಾಡುವುದು. ಮೇವಿನಲ್ಲಿ ಕೊಟ್ಟ ಡಿಎನ್‌ಎ ಕರುಳಿನಲ್ಲೇ ಜೀರ್ಣವಾಗಿಹೋಗುತ್ತದೆ, ಅದಕ್ಕೆ ಹಣ ಸುರಿಯಬೇಡಿ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮೀನಿಗೆ ರೋಗ ತರುವ ಏರೊಮೊನಾಸ್ ಹೈಡ್ರೋಫಿಲಾ ಬ್ಯಾಕ್ಟೀರಿಯದ ಹೊರಪೊರೆಯ ಪ್ರೋಟೀನಿನ ಜೀನ್ ಹೊತ್ತ ಪ್ಲಾಸ್ಮಿಡ್ (ಉಂಗುರಾಕಾರದ ಡಿಎನ್‌ಎ) ಅನ್ನು, ಸಿಗಡಿ ಚಿಪ್ಪಿನಂಥವುಗಳಿಂದ ತೆಗೆಯುವ ಕೈಟೊಸಾನ್ ಎಂಬ ವಸ್ತುವಿನ ಕಣಗಳಲ್ಲಿ ಕಟ್ಟಿ, ಮೇವಿನೊಡನೆ ರೋಹು ಮರಿಗಳಿಗೆ ಉಣಿಸಿ, ಅವು ರೋಗಾಣುವನ್ನು ತಾಳಿಕೊಂಡದ್ದನ್ನು ಮೈಸೂರಿನ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ಕಣ್ಣಾರೆ ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಚುಚ್ಚುವ ದಾರಿ ಫಲ ಕೊಡುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. 2005ರಲ್ಲಿ ಕೆನಡಾ ಒಪ್ಪಿದ ಸಾಲ್ಮನ್ ಮೀನಿನ ಡಿಎನ್‌ಎ ಲಸಿಕೆ ಸ್ನಾಯುವಿಗೆ ಹೋಗುತ್ತದೆ. 2021ರಲ್ಲಿ ನಮ್ಮ ದೇಶದಲ್ಲಿ ತುರ್ತು ಬಳಕೆಗೆ ಅನುಮತಿ ಪಡೆದ ಕೋವಿಡ್ ಡಿಎನ್‌ಎ ಲಸಿಕೆ ಝೈಕೋವ್-ಡಿ ಸೂಜಿಯಿಲ್ಲದ ಜೆಟ್ ಉಪಕರಣದಿಂದ ಚರ್ಮದೊಳಕ್ಕೆ ಇಳಿಯುತ್ತದೆ. ಆದರೆ ಪಾಂಡವಪುರ, ಮದ್ದೂರಿನ ಕೆರೆಗಳಿಗೆ ಸಾವಿರಗಟ್ಟಲೆ ಬಿಡುವ ಬೆರಳುದ್ದದ ಮರಿಗಳನ್ನು ಒಂದೊಂದಾಗಿ ಹಿಡಿದು ಚುಚ್ಚಿದರೆ ಮರಿಯ ಬೆಲೆಗಿಂತ ಕೂಲಿಯೇ ಹೆಚ್ಚಾಗುತ್ತದೆ. ವಿದ್ಯುತ್ ಮಿಡಿತ ಕೊಟ್ಟು ಡಿಎನ್‌ಎಯನ್ನು ಜೀವಕೋಶದೊಳಕ್ಕೆ ಕಳಿಸುವ ಎಲೆಕ್ಟ್ರೊಪೊರೇಷನ್ ಯಂತ್ರಕ್ಕೆ ಕೇಳಿದ ಬೆಲೆಯಂತೂ ನಮ್ಮ ಎರಡು ವರ್ಷಗಳ ಸಾಮಗ್ರಿ ವೆಚ್ಚವನ್ನು ಮೀರಿತ್ತು.

ಮೊದಲ ಕಣಗಳನ್ನು ಎಲ್ಲರೂ ಮಾಡುವಂತೆಯೇ ಮಾಡಿದೆವು: 5.5 ಪಿಎಚ್‌ನ ಅಸಿಟೇಟ್ ಬಫರ್, 55 ಡಿಗ್ರಿ ಶಾಖ, ಸೋಡಿಯಂ ಸಲ್ಫೇಟ್. ಗಾತ್ರ 200 ನ್ಯಾನೊಮೀಟರ್ ಆಸುಪಾಸು. ಜೆಲ್‌ನಲ್ಲಿ ವಿದ್ಯುತ್ ಹರಿಸಿ ನೋಡಿದಾಗ ಡಿಎನ್‌ಎ ತುಂಬಿಸಿದ ಗುಳಿ ಬಿಟ್ಟು ಕದಲಲಿಲ್ಲ, ಅಂದರೆ ಕಣಗಳು ಅದನ್ನು ಹಿಡಿದುಕೊಂಡಿದ್ದವು. ಆದರೂ ಮೀನಿನ ಅಂಗಾಂಶದಲ್ಲಿ ಜೀನ್ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಏನೂ ಸಿಗಲಿಲ್ಲ. ಹೀಗೆ ತಿಂಗಳುಗಟ್ಟಲೆ ನಡೆದು, ಪ್ಲಾಸ್ಮಿಡ್ ಅನ್ನು ಎಂಡೊಟಾಕ್ಸಿನ್ (ಬ್ಯಾಕ್ಟೀರಿಯದ ಪೊರೆಯಿಂದ ಬರುವ ವಿಷ) ಇಲ್ಲದಂತೆ ಶುದ್ಧೀಕರಿಸುವ ಕಿಟ್‌ಗಳಿಗೇ ಸುಮಾರು ಒಂದೂವರೆ ಲಕ್ಷ ರೂಪಾಯಿ ಕರಗಿತು. ನಮಗೆ ಸಿಕ್ಕ ವಿಧಾನಗಳೆಲ್ಲ ಜಠರವುಳ್ಳ ಮೀನುಗಳಿಗೆ ಹೊಂದಿಸಿದವಾಗಿದ್ದವು. ರೋಹುವಿಗೆ ಜಠರವೇ ಇಲ್ಲ. ಆಮ್ಲದ ಭಯ ಅಲ್ಲಿಲ್ಲ ನಿಜ, ಆದರೆ ತುತ್ತು ನೇರವಾಗಿ ಕರುಳಿಗೆ ಇಳಿಯುತ್ತದೆ, ಪಿಎಚ್ 6.5 ದಾಟಿದೊಡನೆ ಕೈಟೊಸಾನ್ ತನ್ನ ಧನವಿದ್ಯುದಂಶವನ್ನು ಕಳೆದುಕೊಂಡು ಹಿಡಿತ ಸಡಿಲಿಸುತ್ತದೆ, ಉಳಿದದ್ದನ್ನು ಡಿಎನ್‌ಎ ಕತ್ತರಿಸುವ ಕಿಣ್ವಗಳಾದ ನ್ಯೂಕ್ಲಿಯೇಸ್‌ಗಳು ನೋಡಿಕೊಳ್ಳುತ್ತವೆ.

ಆಮೇಲೆ ಗಿಡ್ಡ ಸರಪಳಿಯ, ಶೇ. 85ಕ್ಕಿಂತ ಹೆಚ್ಚು ಡಿಅಸಿಟೈಲೇಷನ್ ಆದ (ಅಸಿಟೈಲ್ ಗುಂಪುಗಳನ್ನು ತೆಗೆದ) ಕೈಟೊಸಾನ್ ಹಿಡಿದು, ಎನ್-ಪಿ ಅನುಪಾತವನ್ನು (ಕೈಟೊಸಾನ್‌ನ ನೈಟ್ರೊಜನ್‌ಗೂ ಡಿಎನ್‌ಎಯ ಫಾಸ್ಫೇಟ್‌ಗೂ ಇರುವ ಪ್ರಮಾಣ) ಎರಡರಿಂದ ಎಂಟರ ಹತ್ತಿರಕ್ಕೆ ಏರಿಸಿ, ಮೇಲೆ ಕಡಲಪಾಚಿಯಿಂದ ಬರುವ ಆಲ್ಜಿನೇಟ್‌ನ ತೆಳುವಾದ ಹೊದಿಕೆ ಕೊಟ್ಟೆವು. ಆಲ್ಜಿನೇಟ್ ಹೆಚ್ಚಾದರೆ ಅದೇ ಡಿಎನ್‌ಎಯನ್ನು ಹೊರದೂಡುತ್ತದೆ. ಎಷ್ಟು, ಯಾವ ಹಂತದಲ್ಲಿ ಸೇರಿಸಬೇಕೆಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕಿಟ್‌ಗಳನ್ನು ಕೈಬಿಟ್ಟು ಟ್ರೈಟಾನ್ ಎಕ್ಸ್-114 ಎಂಬ ಮಾರ್ಜಕದಿಂದ ಎಂಡೊಟಾಕ್ಸಿನ್ ತೆಗೆದದ್ದರಿಂದ ಆ ಖರ್ಚು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಕಣಗಳನ್ನು ಶೈತ್ಯಶುಷ್ಕಗೊಳಿಸಲು ಟ್ರೆಹಲೋಸ್ ಎಂಬ ದುಬಾರಿ ಸಕ್ಕರೆಯ ಬದಲು, ಮಂಡ್ಯದ ಅಂಗಡಿಯ ಸಕ್ಕರೆಯನ್ನೇ ಮರುಸ್ಫಟಿಕೀಕರಿಸಿ ಬಳಸಿದೆ. ಪುಡಿ ಮತ್ತೆ ನೀರಿನಲ್ಲಿ ಚೆನ್ನಾಗಿ ಹರಡಿಕೊಂಡಿತು. ಬೆಲ್ಲದಲ್ಲಿ ಮಾತ್ರ ಕಣಗಳು ಗಂಟುಗಟ್ಟಿದವು, ಬಹುಶಃ ಅದರಲ್ಲಿರುವ ಲವಣಗಳಿಂದ.

ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡಿನ ಗುಳಿಗೆ ಪೂರ್ತಿ ಆರಿದ ಮೇಲೆಯೇ ಕಣಗಳನ್ನು ಲೇಪಿಸಿ ಉಣಿಸಿದೆವು. ಕರುಳು, ಮೂತ್ರಪಿಂಡ, ಗುಲ್ಮ ಮೂರರಲ್ಲೂ ಜೀನಿನ ಎಂಆರ್‌ಎನ್‌ಎ, ಅಂದರೆ ಜೀನ್ ಕೆಲಸಕ್ಕೆ ತೊಡಗಿದ ಗುರುತು, ಸಿಕ್ಕಿತು. ಜೈವಿಕ ಸುರಕ್ಷತಾ ಸಮಿತಿಯ ಅನುಮತಿಯೊಂದಿಗೆ ಮುಚ್ಚಿದ ತೊಟ್ಟಿಗಳಲ್ಲಿ ರೋಗಾಣು ಚುಚ್ಚಿದಾಗ, ನೆನಪಿನಿಂದ ಹೇಳುವುದಾದರೆ, ಲಸಿಕೆಯಿಲ್ಲದ ಮರಿಗಳಲ್ಲಿ ಐದಕ್ಕೆ ನಾಲ್ಕು ಸತ್ತವು, ಲಸಿಕೆ ತಿಂದವುಗಳಲ್ಲಿ ಮೂರಕ್ಕೆ ಒಂದು. ರೋಗಾಣುವಿನ ಜೀನ್ ಇಲ್ಲದ ಬರಿಯ ಪ್ಲಾಸ್ಮಿಡ್ ತುಂಬಿದ ಕಣ ತಿಂದವೂ ಲಸಿಕೆಯಿಲ್ಲದವುಗಳಿಗಿಂತ ತುಸು ಹೆಚ್ಚು ಉಳಿದವು. ಬ್ಯಾಕ್ಟೀರಿಯದಲ್ಲಿ ಬೆಳೆಸಿದ ಪ್ಲಾಸ್ಮಿಡ್‌ನಲ್ಲಿರುವ, ಮೀಥೈಲ್ ಗುಂಪಿಲ್ಲದ ಸಿಪಿಜಿ ಎಂಬ ಡಿಎನ್‌ಎ ಭಾಗಗಳೇ ಸಹಜ ರೋಗನಿರೋಧಕತೆಯನ್ನು ಕೆರಳಿಸುವುದರಿಂದ ಈ ಹೋಲಿಕೆಯ ಗುಂಪನ್ನು ಯಾರೂ ಬಿಡಬಾರದು.

ಈಗ ಕಾಟ್ಲಾ ಮರಿಗಳನ್ನು ಹಿಡಿದಿದ್ದೇವೆ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುವ ಮೀನಾದ್ದರಿಂದ ಗುಳಿಗೆ ತೇಲಬೇಕು, ಆದರೆ ತೇಲುವ ಗುಳಿಗೆ ಮಾಡುವ ಯಂತ್ರದ ಶಾಖವನ್ನು ಕಣಗಳು ತಾಳುವುದಿಲ್ಲವಾದ್ದರಿಂದ, ಸಿದ್ಧ ಗುಳಿಗೆಗಳ ಮೇಲೆ ಎಣ್ಣೆಯೊಡನೆ ಸಿಂಪಡಿಸಿ ನೋಡುತ್ತಿದ್ದೇವೆ.