ಮರದ ಮೇಲೆ ಮನೆ: ಬಿಗಿದು ಕಟ್ಟಬೇಡಿ, ಬೋಲ್ಟ್ ಹಾಕಿ

ಹಂದಿ ಕಾಯಲು ಗದ್ದೆಯಲ್ಲಿ ಕಟ್ಟುವ ಮಾಳ ಒಂದು ಬೆಳೆ ಮುಗಿಯುವವರೆಗೆ ನಿಂತರೆ ಸಾಕು. ಕರೆಂಟೂ ಬೇಡ, ನಲ್ಲಿಯೂ ಬೇಡ, ತೋಟದ ಮರದ ಮೇಲೇ ಇರುತ್ತೇನೆ ಅಂತ ಹೊರಟವರ ಮನೆ ಹಾಗಲ್ಲ. ಅದು ಹತ್ತಾರು ಮಳೆಗಾಲ ತಡೆಯಬೇಕು, ಅಷ್ಟೂ ವರ್ಷ ಮರವೂ ಬದುಕಿರಬೇಕು.

ಮೊದಲು ಮರ. ಮಲೆನಾಡಲ್ಲಾದರೆ ನನ್ನ ಓಟು ಹಲಸಿಗೆ, ಆಮೇಲೆ ಮಾವಿಗೆ. ಸಿಲ್ವರ್ ಓಕ್ ನೆಟ್ಟಗಿದೆ ಅಂತ ಆಸೆಪಡಬೇಡಿ, ಗಾಳಿಗೆ ಮುರಿಯುತ್ತದೆ. ಕಾಂಡ ತೆಕ್ಕೆಗೆ ಸಿಗದಷ್ಟು ದಪ್ಪ ಇರಲಿ. ಕತ್ತಿಯ ಹಿಂಬದಿಯಿಂದ ಬಡಿದು ನೋಡಿ, ಡಬಡಬ ಅಂದರೆ ಒಳಗೆ ಪೊಳ್ಳು.

ಎಲ್ಲರೂ ಎಡವುವುದು ಇನ್ನು ಮುಂದೆ. ಮರಕ್ಕೆ ತೂತು ಮಾಡುವುದು ಪಾಪ ಅಂತ ತೊಲೆಗಳನ್ನು ತಂತಿಯಲ್ಲಿ ಬಿಗಿಯುತ್ತಾರೆ. ನಮ್ಮ ಪಕ್ಕದ ತೋಟದವರೂ ಹಾಗೇ ಮಾಡಿದ್ದರು, ಕೆಲವೇ ವರ್ಷಕ್ಕೆ ಕಟ್ಟಿನ ಮೇಲುಭಾಗ ಊದಿಕೊಂಡು ತುದಿ ಒಣಗಿತು. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ ಅಲ್ವಾ, ಮರ ದಪ್ಪವಾದಂತೆ ತಂತಿ ಆ ದಾರಿಯನ್ನೇ ಹಿಸುಕುತ್ತದೆ. ಬೋಲ್ಟಿನ ತೂತಾದರೆ ಮರ ಸುತ್ತಲೂ ಗೋಡೆ ಎಬ್ಬಿಸಿ ಗಾಯವನ್ನು ಅಲ್ಲಿಗೇ ನಿಲ್ಲಿಸಿಕೊಳ್ಳುತ್ತದೆ. ಹತ್ತಾರು ಮೊಳೆಗಿಂತ ಒಂದು ದಪ್ಪ ಬೋಲ್ಟ್ ವಾಸಿ.

25 ಮಿ.ಮೀ.ಗಿಂತ ತೆಳ್ಳಗಿನದು ಬೇಡ. ಕರಗಿದ ಬಿಸಿ ಸತುವಿನಲ್ಲಿ ಅದ್ದಿದ್ದೇ ಬೇಕು ಅಂತ ಕೇಳಿ; ಹಳದಿ ಮಿಂಚಿನ ಅಗ್ಗದ ಬೋಲ್ಟ್ ನಮ್ಮ ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ. ಬೋಲ್ಟಿಗಿಂತ ತುಸು ಕಿರಿದಾಗಿ, ಅಡ್ಡಡ್ಡ ನೇರವಾಗಿ ಕೊರೆಯಿರಿ. ಹಲಸಿನ ತೊಗಟೆ ದಾಟುವಾಗ ಮೇಣ ಅಂಟಿ ಗೋಳು ಹೊಯ್ಯುತ್ತದೆ, ಡ್ರಿಲ್ ಬಿಟ್‌ಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಮೇಲೊಂದು ಕೆಳಗೊಂದು ಬೋಲ್ಟ್ ಹಾಕುವುದಾದರೆ ನಡುವೆ ಒಂದೂವರೆ ಅಡಿಯಾದರೂ ಇರಲಿ, ಹತ್ತಿರವಾದರೆ ಎರಡು ಗಾಯ ಕೂಡಿ ಕೊಳೆಯುತ್ತದೆ. ತೊಲೆಯನ್ನು ಕಾಂಡಕ್ಕೆ ಒತ್ತಬೇಡಿ, ಮೂರು ಇಂಚು ಆಚೆ ಬೋಲ್ಟಿನ ಮೇಲೆ ಕೂರಿಸಿ. ಮರಕ್ಕೆ ದಪ್ಪವಾಗಲು ಜಾಗ ಬೇಕು. ಗಾಯಕ್ಕೆ ಹಚ್ಚಿ ಅಂತ ಮಾರುವ ಪೇಂಟು ಸುಮ್ನೆ ದುಡ್ಡು ದಂಡ. ಮರ ಬೆಳೆದರೆ ಮನೆಯೂ ಮೇಲೇರುತ್ತಾ ಅಂತ ಕೇಳುತ್ತಾರೆ. ಇಲ್ಲ, ಮರ ಎತ್ತರವಾಗುವುದು ತುದಿಯಲ್ಲಿ, ಬೋಲ್ಟ್ ಹಾಕಿದಲ್ಲೇ ಇರುತ್ತದೆ.

ಎರಡು ಮರದ ನಡುವೆ ಕಟ್ಟುವುದಾದರೆ ತೊಲೆಯ ಒಂದು ತುದಿ ಮಾತ್ರ ಬಿಗಿ ಮಾಡಿ, ಇನ್ನೊಂದು ಕಬ್ಬಿಣದ ತೊಟ್ಟಿಲಲ್ಲಿ ಜಾರುವಂತಿರಲಿ. ಗಾಳಿಗೆ ಎರಡೂ ಮರ ಒಂದೇ ತಾಳಕ್ಕೆ ಕುಣಿಯುವುದಿಲ್ಲ, ಎರಡೂ ಕಡೆ ಬಿಗಿದರೆ ಬೋಲ್ಟೇ ಕತ್ತರಿಸಿ ಹೋಗಬಹುದು.

ನೆಲದ ಹಲಗೆ, ಗೋಡೆ ಯಾವ ಆಚಾರಿಗಾದರೂ ಗೊತ್ತು. ಕಾಂಡದ ಸುತ್ತ ಮೂರು ಇಂಚು ಬಿಡಲು ಹೇಳಿ, ಅಷ್ಟೇ. ಮಾಡಿಗೆ ತಗಡೇ ಇರಲಿ, ಸೋಗೆ ಚೆಂದ, ಆದರೆ ಮತ್ತೆ ಮತ್ತೆ ಹೊದಿಸಬೇಕು.

ನೀರಿನ ಡ್ರಮ್ ಮೇಲಕ್ಕೆ ಬೇಡ, 200 ಲೀಟರ್ ಅಂದರೆ 200 ಕಿಲೋ. ಸೋಲಾರ್ ಪ್ಯಾನೆಲ್ ಎಲೆ ನೆರಳಲ್ಲಿ ದಂಡ, ಬಯಲಲ್ಲಿ ಕಂಬ ನೆಟ್ಟು ಕೂರಿಸಿ ವೈರ್ ಎಳೆಯಿರಿ. ಕಕ್ಕಸು, ಒಲೆ ಎರಡೂ ನೆಲದ ಮೇಲೆ. ಹತ್ತಲು ಬಿದಿರೇಣಿ ಒರಗಿಸಿದರೆ ಆಯಿತು, ಕಾಂಡಕ್ಕೆ ಮೆಟ್ಟಿಲು ಹೊಡೆಯಬೇಡಿ. ಮತ್ತೆ, ಕೊಂಬೆಯಲ್ಲಿ ಚಗಳಿ ಇರುವೆಯ ಗೂಡಿದೆಯಾ ಅಂತ ಡ್ರಿಲ್ ಹಿಡಿದು ಹತ್ತುವ ಮೊದಲೇ ನೋಡಿಕೊಳ್ಳಿ.